ಸೂಗಪ್ಪ ಮುಟ್ಟದ ಹೊಳೆ

ಮುದಗಲ್, ೧೨ ಫೆಬ್ರವರಿ ೧೯೫೫, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಸೋದರಮಾವನ ಮಗ ಸೂಗಪ್ಪ ಇಂದು ಓಣಿಯವರ ಎದುರಿಗೇ ಅವ್ವನನ್ನು ನಗೆಗೀಡು ಮಾಡಿದ.

ಹತ್ತಿ ಗಿರಣಿಯ ಯಂತ್ರದ ಕೆಲಸ ಕಲಿಯಲು ಜರ್ಮನಿಗೆ ಹೋದವನು ಮೊನ್ನೆ ಬಂದಿದ್ದಾನೆ. ನಮ್ಮ ಪಡಸಾಲೆಯಲ್ಲಿ ಕೂತು ಹೈಡಲ್‌ಬರ್ಗ್ ಎಂಬ ಊರಿನ ಫೋಟೋ ತೋರಿಸಿದ. ಗುಡ್ಡದ ಮೇಲೆ ಪಾಳುಬಿದ್ದ ಕೋಟೆ, ಕೆಳಗೆ ಹೊಳೆ, ಹೊಳೆಗೆ ಕಲ್ಲಿನ ಸೇತುವೆ. ಕೋಟೆಯೊಳಗೆ ಮನೆಯಷ್ಟು ದೊಡ್ಡ ಸಾರಾಯಿ ಪೀಪಾಯಿ ಇದೆಯಂತೆ, ಅದರ ವರ್ಣನೆಯೇ ಅರ್ಧ ತಾಸು.

ದೂರದ ಹೊಳೆಗೆ ಹೋಗಿಬಂದವರ ಕಾಲಿಗೆ ನೀರು ಹಾಕಿ, ಅವರು ತಂದ ತೀರ್ಥವನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಅವ್ವ ತಂಬಿಗೆ ಹಿಡಿದು ಬಗ್ಗಿದಳು. ಇವನು ಕಾಲು ಹಿಂದಕ್ಕೆಳೆದುಕೊಂಡ.

"ಅತ್ತಿ, ಬೂಟು ತೊಯ್ತಾವ! ನಾ ಏನು ಶ್ರೀಶೈಲಕ್ಕ ಹೋಗಿದ್ನೇನು?"

ಪಡಸಾಲೆಯೊಳಗೆ ಬೂಟು!

"ಹೊಳಿ ಐತಿ ಅಂದಿಯಲ್ಲಪ್ಪ. ಒಂದೀಟು ತೀರ್ಥ ತಂದಿಯೇನು?"

"ಆ ನೀರಾಗ ಯಾರು ಕೈ ಹಾಕ್ತಾರ? ಸೇತುವಿ ಮ್ಯಾಲಿಂದ ನೋಡೂದು, ಫೋಟೋ ತೆಗಿಯೂದು, ಅಷ್ಟ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೂತವರೂ ನಕ್ಕರು. ಎಷ್ಟು ಸೊಕ್ಕು! ಹೊಳೆಯ ತನಕ ಹೋಗಿ ಬೆರಳೂ ಅದ್ದದೆ ಬಂದವನು ಅವನು, ತಿಳಿಗೇಡಿ ಎನಿಸಿಕೊಂಡವಳು ಅವ್ವ.

ಅವ್ವನಿಗೆ ಮಾತ್ರ ಸಿಟ್ಟೇ ಇಲ್ಲ. ತಂಬಿಗೆಯ ನೀರನ್ನು ಪತ್ರಿ ಗಿಡಕ್ಕೆ ಸುರಿಯುತ್ತ ನನಗೇ ಹೇಳಿದಳು: "ಬೈಬ್ಯಾಡ ಶೇಖರಿ. ಅಷ್ಟು ದೂರ ಹೋಗಿ ಹೊಳಿ ಮುಟ್ಟಲಾರ್ದ ಬಂದೈತಿ, ಪಾಪ, ಕೂಸು."

ಕೂಸಂತೆ! ನಾಳೆ ಆ ಕೂಸಿಗೆ ಹೋಳಿಗೆ ಊಟವಂತೆ. ಹೂರಣ ರುಬ್ಬುವವಳು ನಾನು.