ಲಿಗಾಯಾಳ ಟೈಮ್

ಮೇ 1, ಗುರುವಾರ

ಏಡಿ, ಏಡಿ, ಏಡಿ. ಮೂರು ದೋಣಿ ಒಟ್ಟಿಗೆ ಬಂದವು. ಬೆಳಿಗ್ಗೆಯಿಂದ ಕಾಲು ಮುರಿದು ಬೆಲ್ಟಿಗೆ ಹಾಕಿದ್ದೇ ಹಾಕಿದ್ದು. ಏಡಿಯ ಕಾಲು. ನನ್ನದೂ ಮುರಿದ ಹಾಗೇ ಇದೆ.

ಎಡಕ್ಕೆ ಎಂದಿನಂತೆ ಲಿಗಾಯಾ. ಫ್ಯಾಕ್ಟರಿಗೆ ಸೇರಿದಾಗಿನಿಂದ ಅವಳದು ಅದೇ ಜಾಗ. ನಾನು ಒಂದು ಏಡಿ ಮುಗಿಸುವಷ್ಟರಲ್ಲಿ ಅವಳದು ಎರಡು. ಇವತ್ತು ಕೈ ನಿಧಾನ. ಹಾಡೂ ಇಲ್ಲ. ಏನಾಯಿತು ಅಂತ ಕೇಳಿದೆ. "ಏನಿಲ್ಲ ಶೆಲ್ಬಿ." ಮತ್ತೆ ಕೇಳಿದೆ. ಸುಮ್ಮನಿರುವುದು ನನ್ನಿಂದ ಆಗದ ಕೆಲಸ.

ಊಟಕ್ಕೆ ಕೂತಾಗ ಬಾಯಿಬಿಟ್ಟಳು. ವೀಸಾ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಇಲ್ಲೇ ನೆಲೆಸಲು ಅರ್ಜಿ ಹೋಗಬೇಕು — ಅವಳು, ಗಂಡ ನೆಸ್ಟರ್, ಮಗಳು ಲೆನ್‌ಲೆನ್, ಮೂವರದೂ. ಫೀಸು ತಲೆಗಿಷ್ಟು. ವಕೀಲನಿಗಿಷ್ಟು. ಇಂಗ್ಲಿಷ್ ಪರೀಕ್ಷೆಗಿಷ್ಟು. ದೂರದ ಸೇಂಟ್ ಜಾನ್ಸ್‌ಗೆ ಹೋಗಿ ಮೆಡಿಕಲ್ ಮಾಡಿಸಬೇಕು, ಅದಕ್ಕಿಷ್ಟು. ಕೂಡಿಟ್ಟದ್ದು ಮೆಡಿಕಲ್‌ಗೆ ಮಾತ್ರ ಸಾಲುತ್ತದಂತೆ.

"ಆಗದಿದ್ರೆ ಅಕ್ಕಾ?"

"ಆಗದಿದ್ರೆ ವಾಪಸ್ ಫಿಲಿಪೀನ್ಸ್. ಲೆನ್‌ಲೆನ್‌ಗೆ ಅಲ್ಲಿನ ಮಾತೇ ಮರ್ತೋಗಿದೆ. ನಿಮ್ಮಜ್ಜಿ ಥರಾನೇ ಮಾತಾಡ್ತಾಳೆ, ಬೈಗುಳ ಸಮೇತ."

ನಗಲು ನೋಡಿದಳು. ಆಗಲಿಲ್ಲ.

ನಾನು ಶಾಲೆ ಅರ್ಧಕ್ಕೇ ಬಿಟ್ಟವಳು. ಈ ನ್ಯೂಫೌಂಡ್‌ಲ್ಯಾಂಡೇ ಬೇಡ, ಆಲ್ಬರ್ಟಾಗೆ ಓಡಿಹೋಗುತ್ತೇನೆ ಅಂತ ವರ್ಷದಿಂದ ಹೇಳಿಕೊಂಡು ತಿರುಗುತ್ತಿರುವವಳು. ಇರಬೇಕು ಅನ್ನುವವರಿಗೆ ಇಷ್ಟು ಖರ್ಚು. ನಾನು ಪುಕ್ಕಟೆ ಇದ್ದೇನೆ.

ಅಜ್ಜಿಗೆ ಹೇಳಿದೆ. ಕಾಲುಚೀಲ ಹೆಣೆಯುತ್ತಿದ್ದಳು. ಕಣ್ಣೆತ್ತಲಿಲ್ಲ.

"ಟೈಮ್ ಮಾಡೋಣ" ಅಂದಳು. ಅಷ್ಟೇ.

ಮೇ 4, ಭಾನುವಾರ

ಚರ್ಚ್ ಮುಗಿದ ಮೇಲೆ ಹಾಲ್‌ನಲ್ಲಿ ಸಭೆ. ಹಿಂದಿನ ಟೈಮ್ ಪಾರ್ಡಿಯವರ ಮನೆ ಸುಟ್ಟಾಗ. ಇಡೀ ಊರು ಬಂದು, ತಿಂದು, ಕುಣಿದು, ಬಾಗಿಲ ಬಳಿ ಇಟ್ಟಿದ್ದ ಪೆಟ್ಟಿಗೆಗೆ ಕೈಲಾದದ್ದು ಹಾಕಿ ಹೋಗಿತ್ತು. ಈಗ ಅಂಥದ್ದೇ ಲಿಗಾಯಾ ಮನೆಯವರಿಗೆ ಅಂತ ಅಜ್ಜಿಯ ಮಾತು.

ಸೈಲಸ್ ಮಾಮ ಎದ್ದರು. ಹಾಲ್‌ನ ಬೀಗದಕೈ ಅವರ ಹತ್ತಿರ. ಹಾಗಾಗಿ ಮೊದಲ ತಕರಾರೂ ಅವರದೇ.

"ನಮ್ ಹುಡುಗ್ರೇ ಊರು ಬಿಟ್ಟು ಹೋಗ್ತಾವ್ರೆ. ನಿನ್ನೆ ಮೊನ್ನೆ ಬಂದೋರಿಗೆ ಟೈಮ್ ಮಾಡ್ಬೇಕಾ?"

ಅಜ್ಜಿ ಸೂಜಿ ನಿಲ್ಲಿಸಲಿಲ್ಲ. "ನೀನು ಯಾವಾಗ ಬಂದಿದ್ದೋ ಸೈಲಸ್?"

"ಅರವತ್ತಾರರಲ್ಲಿ."

"ಅದೂ ಸರ್ಕಾರ ಎದುರಿನ ದ್ವೀಪ ಖಾಲಿ ಮಾಡಿಸ್ದಾಗ, ಮನೇನೇ ನೀರ ಮೇಲೆ ತೇಲಿಸ್ಕೊಂಡು. ಹಗ್ಗ ಹಾಕಿ ದಡಕ್ಕೆ ಎಳ್ಕೊಂಡೋರು ಯಾರು?"

"ನಿಮ್ಮಪ್ಪ... ಊರೋರು."

"ವೀಸಾ ಕೇಳಿದ್ರಾ?"

ಹಾಲ್ ತುಂಬ ನಗು. "ಆಗ ನಂಗೆ ಆರು ವರ್ಷ ಕಣಕ್ಕಾ!" ಅಂತ ಮಾಮ.

"ಇವತ್ತಿಗೂ ಅಷ್ಟೇ."

ನನಗೂ ತಡೆಯಲಾಗಲಿಲ್ಲ. ಎದ್ದು ನಿಂತೆ. "ಹುಡುಗ್ರು ಊರು ಬಿಟ್ರೆ ಅದು ಲಿಗಾಯಕ್ಕನ ತಪ್ಪಾ? ನಾನೂ ಬಿಡ್ತೀನಿ. ಬೇಜಾರಾಗಿ ಬಿಡ್ತೀನಿ. ಅವಳಿಂದ ಅಲ್ಲ." ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಹೆಣಿಗೆಯ ಕುಣಿಕೆ ಎಣಿಸುತ್ತಿದ್ದಳು. ಹೇಳಬಾರದಿತ್ತೇನೋ. ನಿಜವಂತೂ ಹೌದು.

ಇಪ್ಪತ್ತನಾಲ್ಕು, ಶನಿವಾರ ಅಂತ ನಿಗದಿಯಾಯಿತು.

ಮೇ 5, ಸೋಮವಾರ

ಅಜ್ಜಿ ಲಿಗಾಯಾ ಮನೆಗೆ ಹೋಗಿ ತಿಳಿಸಿ ಬಂದಳು. ಮನೆಯವರನ್ನು ಕೇಳುವ ರೂಢಿ ಇಲ್ಲ, ತಿಳಿಸುವುದು ಮಾತ್ರ. ಕೇಳಿದರೆ ಮರ್ಯಾದೆಗಾದರೂ ಬೇಡ ಅನ್ನಬೇಕಾಗುತ್ತದಲ್ಲ.

"ನಿಮಗೆ ಟೈಮ್ ಇದೆ ಕಣಮ್ಮಾ. ಇಪ್ಪತ್ನಾಲ್ಕಕ್ಕೆ ಹಾಲ್‌ಗೆ ಬನ್ನಿ. ಇನ್ನು ಚಿಂತೆ ಬಿಡಿ" ಅಂದಳಂತೆ. ಲಿಗಾಯಾ ಅತ್ತುಕೊಂಡೇ ಅಜ್ಜಿಯನ್ನು ತಬ್ಬಿ ಮೇಲಕ್ಕೆತ್ತಿಬಿಟ್ಟಳಂತೆ.

"ನನ್ ಕಾಲು ನೆಲ ಬಿಟ್ಟು ಎಷ್ಟು ವರ್ಷ ಆಗಿತ್ತೇ!" ಸಂಜೆಯೆಲ್ಲ ಇದೇ ಮಾತು.

ಮೇ 9, ಶುಕ್ರವಾರ

ಲಿಗಾಯಾ ವಾರವಿಡೀ ಹಾಡುತ್ತಿದ್ದಾಳೆ. ನಮ್ಮ ಟೈಮ್ ಅಂದರೆ ಇವಳಿಗೆ ಇಷ್ಟು ಖುಷಿಯಾ ಅಂತ ನನಗೂ ಹೆಮ್ಮೆ. ಇವತ್ತು ಹೇಳಿದಳು —

"ಕಟ್ಟಿಟ್ಟಿದ್ದ ಪೆಟ್ಟಿಗೆ ಎಲ್ಲಾ ಬಿಚ್ಚಿಬಿಟ್ಟೆ. ಹದಿಮೂರಕ್ಕಿದ್ದ ಮೆಡಿಕಲ್ಲೂ ಕ್ಯಾನ್ಸಲ್ ಮಾಡಿದ್ವಿ. ಆ ದುಡ್ಡನ್ನ ನೆಸ್ಟರ್ ಅಮ್ಮನ ಕಣ್ಣಿನ ಆಪರೇಷನ್‌ಗೆ ಕಳಿಸಿದ್ವಿ."

"ಅಯ್ಯೋ, ಅರ್ಜಿಗೆ ಅದು ಬೇಕಲ್ಲ ಅಕ್ಕಾ?"

"ಅವಸರ ಇಲ್ವಲ್ಲ ಈಗ! ಸರ್ಕಾರ ಟೈಮ್ ಕೊಟ್ಟಿದೆ. ಇಪ್ಪತ್ನಾಲ್ಕಕ್ಕೆ ಹಾಲ್‌ನಲ್ಲಿ ಕಾಗದ ಕೊಡ್ತಾರೆ. ನಿಮ್ಮಜ್ಜಿನೇ ಬಂದು ಹೇಳಿದ್ರು."

ಕೈಯಲ್ಲಿದ್ದ ಏಡಿ ಇಡಿಯಾಗಿ ಬೆಲ್ಟಿನ ಮೇಲೆ ಹೋಯಿತು. ಆಚೆ ತುದಿಯಿಂದ ಬೈಗುಳ ಬಂತು.

ನಮ್ಮೂರಲ್ಲಿ ಟೈಮ್ ಅಂದರೆ ಊಟ, ಪಿಟೀಲು, ಕುಣಿತ. ಮಿಕ್ಕ ಲೋಕಕ್ಕೆಲ್ಲ ಟೈಮ್ ಅಂದರೆ ಟೈಮ್. ನಮ್ಮಲ್ಲಿ ಒಬ್ಬರ ತಲೆಗೂ ಇದು ಹೊಳೆಯಲಿಲ್ಲ.

ಅಜ್ಜಿಗೆ ಹೇಳಿದಾಗ ನಿಂತಿದ್ದವಳು ಕೂತಳು. ಹೆಣಿಗೆ ಎತ್ತಿಕೊಂಡು ಹಾಗೇ ಕೆಳಗಿಟ್ಟಳು. ಆಮೇಲೆ — "ಇಪ್ಪತ್ನಾಲ್ಕರವರೆಗೆ ಸುಮ್ನಿರು ಚಿನ್ನ. ದುಡ್ಡು ಕೈಗೆ ಬಂದ್ಮೇಲೆ ಹೇಳಿದ್ರೆ ನೋವು ಕಮ್ಮಿ."

"ಅಲ್ಲಿವರೆಗೆ ಅವಳು ಹಾಡ್ತಿರ್ಬೇಕು, ನಾನು ಪಕ್ಕದಲ್ಲಿ ನಿಂತು ಕೇಳ್ತಿರ್ಬೇಕಾ? ಒಂದೊಂದು ದಿನಾನೂ ಹೋಗ್ತಿದೆ ಅಜ್ಜಿ."

"ಸ್ವಲ್ಪ ನಾಜೂಕು ಕಲಿಯೇ."

"ನಂಗೆ ಬೇರೆ ಥರ ಬರಲ್ಲ."

ಮೇ 10, ಶನಿವಾರ

ಹೇಳಿದೆ. ಫ್ಯಾಕ್ಟರಿ ಹಿಂದೆ, ಖಾಲಿ ಬುಟ್ಟಿಗಳ ಹತ್ತಿರ.

ಮೊದಲು ಅರ್ಥವಾಗಲಿಲ್ಲ. "ಪಾರ್ಟಿನಾ?" ಅಂದಳು. "ಯಾರಿಗೆ ಪಾರ್ಟಿ?" ಆಮೇಲೆ ಅರ್ಥವಾಯಿತು. ಮುಖ ನೋಡಲಾಗಲಿಲ್ಲ, ಆದರೂ ನೋಡಿದೆ.

"ಅಂದ್ರೆ ಊರೆಲ್ಲ ಸೇರಿ ನಮಗೆ ಭಿಕ್ಷೆ ಎತ್ತುತ್ತೀರಾ?"

"ಭಿಕ್ಷೆ ಅಲ್ಲ ಅಕ್ಕಾ—"

"ಈ ಊರಲ್ಲಿ ನಾನು ಒಂದು ಲೋಟ ಸಕ್ಕರೆ ಸಾಲ ಕೇಳಿದೀನಾ? ಹೇಳು. ಕೇಳಿದೀನಾ?"

"ಇಲ್ಲ."

"ಮತ್ತೆ? ನಾವು ಬರಲ್ಲ. ನೀವೇ ಕುಣ್ಕೊಳ್ಳಿ."

ಏಪ್ರನ್ ಬಿಚ್ಚಿ ಹೋದಳು. ಪಾಳಿ ಇನ್ನೂ ಅರ್ಧ ಇತ್ತು.

ಮೇ 17, ಶನಿವಾರ

ಲಿಗಾಯಾ ಬೆಲ್ಟಿನ ಆ ತುದಿಯಲ್ಲಿ ನಿಲ್ಲುತ್ತಾಳೆ. ನನ್ನ ಎಡಕ್ಕೆ ಈಗ ನಿಂತಲ್ಲೇ ಗೊರಕೆ ಹೊಡೆಯುವಂಥ ಒಬ್ಬ ಹುಡುಗ.

ಸೇಂಟ್ ಜಾನ್ಸ್ ಆಸ್ಪತ್ರೆಗೆ ಫೋನ್ ಮಾಡಿದೆ. ಈ ಮೆಡಿಕಲ್ ಮಾಡುವುದು ಅದೊಂದೇ ಕಡೆ. ಇನ್ನು ದಿನ ಸಿಗುವುದು ಜುಲೈನಲ್ಲಿ. ಜುಲೈ! ವೀಸಾ ಮುಗಿದ ಮೇಲೆ.

ಹೇಳಿದ್ದಕ್ಕೆ ಬೇಜಾರಿದೆಯಾ ಅಂತ ಅಜ್ಜಿ ಕೇಳಿದಳು. ಇಲ್ಲ ಅಂದೆ. ಅತ್ತಿದ್ದೀಯಾ ಅಂತ ಕೇಳಲಿಲ್ಲ, ಪುಣ್ಯ.

ಮೇ 18, ಭಾನುವಾರ

ಸೈಲಸ್ ಮಾಮನ ಜೊತೆ ಹಾಲ್‌ನಲ್ಲಿ ಮೇಜು ಜೋಡಿಸುತ್ತಿದ್ದೆ. ಯಾರಿಗೆ ಜೋಡಿಸುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿಲ್ಲ. ಆಗ ನೆಸ್ಟರ್ ಬಂದ. ಇಸ್ತ್ರಿ ಶರ್ಟು, ಬಾಚಿದ ತಲೆ. ಬೇಡ ಅನ್ನಲು ಬಂದವನು ಅಂತ ನೋಡಿದರೇ ತಿಳಿಯುತ್ತಿತ್ತು.

ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು. ಹಳೆಯದು. ಹಗ್ಗ ಹಿಡಿದ ಜನ, ಹಗ್ಗದ ತುದಿಗೆ ಇಡೀ ಮನೆ.

"ಇದು... ಯಾವೂರು ಮಾಮ?"

"ಇದೇ ಊರು. ಆ ಕಿಟಕೀಲಿ ಕಾಣ್ತಿರೋ ಮೂತಿ ನಂದೇ."

ನೆಸ್ಟರ್ ಹತ್ತಿರ ಹೋಗಿ ನೋಡಿದ. "ನಮ್ಮೂರಲ್ಲಿ ಬಿದಿರು ಕಟ್ಟಿ ಹೆಗಲ ಮೇಲೆ ಹೊರ್ತೀವಿ. ಮನೆಗೆ ಮನೇನೇ. ನಮ್ ತಾತನ ಮನೆ ಹಾಗೇ ಹೊತ್ತಿದ್ರು."

"ಹೌದಾ! ಎಷ್ಟು ಕೂಲಿ?"

"ಕೂಲಿ ಎಂಥದು ಮಾಮ? ಮನೆಯೋರು ಊಟ ಹಾಕ್ತಾರೆ."

"ಇಲ್ಲೂ ಅಷ್ಟೇ ಕಣಯ್ಯ. ನಮ್ಮಮ್ಮ ಎಲ್ರಿಗೂ ಮೀನು ಬೇಯಿಸಿ ಹಾಕಿದ್ಲು. ಉಪ್ಪು ಜಾಸ್ತಿ ಆಗಿತ್ತು ಅಂತ ಇವಳಜ್ಜಿ ಇವತ್ತಿಗೂ ಆಡ್ಕೋತಾಳೆ. ಹಾಗೆ ಮನೆ ಹೊರೋದಕ್ಕೆ ನೀವು ಏನಂತೀರಿ?"

"ಬಯನಿಹಾನ್. ನೀವು?"

ಮಾಮ ತಲೆ ಕೆರೆದುಕೊಂಡರು. "ನಮ್ದಕ್ಕೆ ಅಂಥ ಹೆಸರೆಲ್ಲ ಇಲ್ಲಪ್ಪ. ಎಳೆಯೋದು ಅಂತೀವಿ." ಒಂದು ಕುರ್ಚಿ ಎತ್ತಿಟ್ಟು, ಬೇರೆ ಕಡೆ ನೋಡಿಕೊಂಡು ಅಂದರು — "ಶನಿವಾರದ್ದೂ ಅದೇ. ಹಗ್ಗ ಇಲ್ಲ, ಅಷ್ಟೇ."

ನೆಸ್ಟರ್ ಫೋಟೋದ ಫೋಟೋ ತೆಗೆದುಕೊಂಡ. ಏನು ಹೇಳಲು ಬಂದಿದ್ದನೋ ಹೇಳಲಿಲ್ಲ. ಇನ್ನೊಂದು ತುದಿಯಿಂದ ಮೇಜು ಹಿಡಿದ.

ಮೇ 19, ಸೋಮವಾರ

ಗೊರಕೆ ಹುಡುಗನನ್ನು ಭುಜದಿಂದ ಸರಿಸಿ ಲಿಗಾಯಾ ನನ್ನ ಎಡಕ್ಕೆ ಬಂದು ನಿಂತಳು. ನಾನು ಒಂದು ಏಡಿ ಮುಗಿಸುವಷ್ಟರಲ್ಲಿ ಎರಡು ಮುರಿದಳು. ಆಮೇಲೆ, ನನ್ನ ಕಡೆ ನೋಡದೆ —

"ಆ ಫೋಟೋ ನೋಡ್ದೆ. ಊಟ ನಾನು ಹಾಕ್ತೀನಿ. ಹಾಲ್ ಅಡುಗೆಮನೆ ನಂಗೆ ಬಿಡ್ಬೇಕು."

"ಅಜ್ಜಿ ಬಿಡಲ್ಲ."

"ನಿಮ್ಮಜ್ಜಿನ ಒಂದ್ಸಲ ಎತ್ತಿದೀನಿ. ಬಿಡದಿದ್ರೆ ಎತ್ತಿ ಆಚೆ ಇಡ್ತೀನಿ."

ಸ್ವಲ್ಪ ಬಿಟ್ಟು — "ನಿಜ ಹೇಳಿದ್ದು ನೀನೊಬ್ಬಳೇ."

ಬೈದದ್ದೋ ಹೊಗಳಿದ್ದೋ, ತಿಳಿಯಲಿಲ್ಲ. ಕೇಳಲಿಲ್ಲ. ಜೀವನದಲ್ಲಿ ಮೊದಲ ಸಲ.

ಮೇ 25, ಭಾನುವಾರ

ಕಾಲು ಬಿದ್ದುಹೋಗಿದೆ. ಈ ಸಲ ಕುಣಿದು.

ನಿನ್ನೆ ಆಚೆ ಈಚೆ ಕೊಲ್ಲಿಗಳಿಂದೆಲ್ಲ ಜನ. ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಯುದ್ಧ. ಅಜ್ಜಿಯದು ಬೀಟ್‌ರೂಟ್ ಹಾಕಿ ಗುಲಾಬಿ ಮಾಡಿದ ತಣ್ಣನೆ ಆಲೂಗಡ್ಡೆ. "ಆಲೂಗಡ್ಡೆಗೆ ಯಾಕೆ ಲಿಪ್‌ಸ್ಟಿಕ್?" ಅಂದಳು ಲಿಗಾಯಾ. ಅವಳದು ಬಾಣಲೆಗಟ್ಟಲೆ ಪನ್ಸಿತ್, ಶಾವಿಗೆ ಥರ, ಏಡಿ ಹಾಕಿ. ಸೈಲಸ್ ಮಾಮ ಫೋರ್ಕಿನಿಂದ ಎತ್ತಿ ನೋಡಿ "ಇದು ಗಾಳದ ದಾರ ಇದ್ದ ಹಾಗಿದೆಯಲ್ಲ" ಅಂದವರು ನಾಲ್ಕು ಸಲ ಹಾಕಿಸಿಕೊಂಡರು.

ಲಿಗಾಯಾ ಕೂರಲೇ ಇಲ್ಲ. ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಕೈಗೂ ತಟ್ಟೆ ಕೊಟ್ಟಳು. ತಲೆ ತಗ್ಗಿಸಲಿಲ್ಲ. ತಮ್ಮ ಮನೆ ಮದುವೆಗೆ ಬಂದವರನ್ನು ಬರಮಾಡಿಕೊಳ್ಳುವ ಹಾಗೆ.

ಕೊನೆಗೆ ಮಾಮ ಮೈಕ್ ಹಿಡಿದರು. "ಪೆಟ್ಟಿಗೆ ತುಂಬ್ತು, ಸಾಕು ಮಾಡ್ರಪ್ಪ. ಇನ್ನೂ ಹಾಕಿದ್ರೆ ಇವ್ರು ನಮ್ಮನ್ನೇ ಕೊಂಡ್ಕೋತಾರೆ!"

ಎಷ್ಟಾಯಿತು ಅಂತ ಬರೆಯಲ್ಲ. ಸಾಕಾಯಿತು. ಈ ಊರನ್ನು ನೋಡಿ ಎದೆಯುಬ್ಬಿದ್ದು ನಿಜ, ಅದನ್ನು ಬರೆಯುತ್ತೇನೆ. ಯಾರಿಗೂ ಹೇಳಲ್ಲ.

ಆದರೆ ಮೆಡಿಕಲ್ ಇನ್ನೂ ಜುಲೈನಲ್ಲೇ ಇದೆ.

ಜೂನ್ 12, ಗುರುವಾರ

ದಿನಾ ಟೀ ಹೊತ್ತಿಗೆ ಆಸ್ಪತ್ರೆಗೆ ಫೋನ್. ಯಾರಾದರೂ ಬರಲ್ಲ ಅಂದರೆ ಆ ಜಾಗ ನಮಗೆ ಕೊಡಿ ಅಂತ. ಆ ಕಡೆಯ ಹೆಂಗಸಿಗೆ ನನ್ನ ದನಿ ಬಾಯಿಪಾಠವಾಗಿದೆ. "ಮತ್ತೆ ನೀನಾ?" "ನಾನೇ." "ಇಲ್ಲ." "ಸರಿ, ನಾಳೆ ಮಾಡ್ತೀನಿ." ಹೀಗೇ.

ಇವತ್ತು ನಾನು ಹಲೋ ಅನ್ನುವ ಮೊದಲೇ — "ಸೋಮವಾರ ಬೆಳಿಗ್ಗೆ. ಮೂವರೂ. ಇನ್ನು ನಂಗೆ ಫೋನ್ ಮಾಡ್ಬೇಡ ತಾಯಿ."

ಕಿರುಚಿದ್ದು ಇಡೀ ಬೆಲ್ಟಿಗೆ ಕೇಳಿಸಿತು. ಲಿಗಾಯಾ ಏಡಿಯ ಕೈಗವಸಿನಲ್ಲೇ ನನ್ನ ಕೆನ್ನೆ ಹಿಡಿದಳು. ಇನ್ನೂ ನಾರುತ್ತಿದೆ.

ಜೂನ್ 16, ಸೋಮವಾರ. ಸೇಂಟ್ ಜಾನ್ಸ್

ಸೈಲಸ್ ಮಾಮನ ವ್ಯಾನ್. ಮಾಮನೇ ಡ್ರೈವರ್. ದಾರಿಯುದ್ದಕ್ಕೂ ಮಂಜು, ದಾರಿಯುದ್ದಕ್ಕೂ ಲೆನ್‌ಲೆನ್ ಪ್ರಶ್ನೆ. ಮನೆಯವರು ಮೂವರೂ ಒಳಗೆ ಹೋಗಿದ್ದಾರೆ. ಮಾಮ ಒಂದೇ ಪತ್ರಿಕೆಯನ್ನು ತಿರುವಿ ತಿರುವಿ ಓದುತ್ತಿದ್ದಾರೆ. ತಲೆಕೆಳಗಾಗಿ ಹಿಡಿದಿದ್ದಾರೆ ಅಂತ ಹೇಳಿದೆ. "ಗೊತ್ತು" ಅಂದರು.

ಬಂದರು. ಮೂವರೂ ಸರಿ ಇದ್ದಾರೆ.

ಜೂನ್ 27, ಶುಕ್ರವಾರ

ಅರ್ಜಿ ಹೋಯಿತು!

ಹಾಲ್‌ನಲ್ಲಿ ಕೂತು ಕಳಿಸಿದೆವು, ಇಂಟರ್ನೆಟ್ ಅಲ್ಲೇ ಸ್ವಲ್ಪ ವಾಸಿ. ವಕೀಲ ಎಲ್ಲ ಸಿದ್ಧ ಮಾಡಿಕೊಟ್ಟಿದ್ದ. ಕೊನೆಯ ಸಲ ಗಟ್ಟಿಯಾಗಿ ಓದುವುದು ನನ್ನ ಕೆಲಸ. ಲಿಗಾಯಾ, ನೆಸ್ಟರ್, ಮಾಮ, ಹಿಂದೆ ಅಜ್ಜಿ.

"ಕೆನಡಾದಲ್ಲಿ ಸಂಬಂಧಿಕರು ಇದ್ದಾರೆಯೇ? — ಇಲ್ಲ."

"ಏನಂದೆ?" ಅಜ್ಜಿ.

"ಇಲ್ಲ ಅಂತ ಹಾಕಿದೆ."

"ಅಳಿಸು."

"ಅಜ್ಜಿ, ಅವ್ರು ಕೇಳೋದು ಅಪ್ಪ, ಅಮ್ಮ, ಅಣ್ಣ, ತಂಗಿ, ಅಜ್ಜಿ—"

"ಅಜ್ಜಿ ಅಂತ ಇದೆಯಲ್ಲ! ಲೆನ್‌ಲೆನ್ ನನ್ನ ಏನಂತ ಕರೀತಾಳೆ?"

"ಅದು ಲೆಕ್ಕಕ್ಕಿಲ್ಲ. ಸುಳ್ಳು ಹಾಕಿದ್ರೆ ಅರ್ಜಿನೇ ಬಿದ್ದೋಗುತ್ತೆ."

"ಹಾಗಾದ್ರೆ ನಾನು ಸುಳ್ಳಾ?"

ಲಿಗಾಯಾ ಎದ್ದು ಹೋಗಿ ಅಜ್ಜಿಯ ಕೈಹಿಡಿದು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಇಲ್ಲ ಅಂತಲೇ ಇರ್ಲಿ ಅಜ್ಜಿ. ಬಟನ್ ಮಾತ್ರ ನೀವೇ ಒತ್ತಿ." ಅಜ್ಜಿ ಮುಖ ಊದಿಸಿಕೊಂಡೇ ಒತ್ತಿದಳು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ 'ತಲುಪಿದೆ' ಅಂತ ಬಂತು. ಉತ್ತರ ಬರುವವರೆಗೂ ಅವರು ಇಲ್ಲೇ ಇರಬಹುದು, ದುಡಿಯಬಹುದು. ವರ್ಷವಾದರೂ ಆಗಬಹುದಂತೆ. ಆಗಲಿ.

ಅಜ್ಜಿ ಮನೆಗೆ ಬಂದ ಮೇಲೂ ನನ್ನನ್ನು ಮಾತಾಡಿಸಿಲ್ಲ. ಇಲ್ಲ ಅಂತ ಹಾಕಿದ್ದು ನಿಜ. ಕಾನೂನಿನ ಪ್ರಕಾರ ಪೂರ್ತಿ ನಿಜ. ಆದರೆ ಇದುವರೆಗೆ ನಾನು ಹೇಳಿದ ನಿಜಗಳಲ್ಲಿ ಇದೊಂದು ಮಾತ್ರ ಯಾಕೋ ಸುಳ್ಳಿನ ಹಾಗೆ—

ಕೆಳಗಿಂದ ಅಜ್ಜಿಯದೇ ಕೂಗು. ಲಿಗಾಯಾ ಬಂದಿದ್ದಾಳಂತೆ, ಕೈಯಲ್ಲಿ ಬಾಣಲೆಯಂತೆ, ಮೊದಲು ಇಳಿದು ಬಂದು ಬಾಗಿಲು ತೆಗೆಯಬೇಕಂತೆ — ಮಾತು ಬಿಟ್ಟವಳು ಯಾರೋ, ಈಗ ಕೂಗುವವಳು ಯಾರೋ. ಇಳಿಯುತ್ತೇನೆ.