ರಂಜಿತಾಳ ಸ್ಯಾಂಪಲ್ಲಿನಲ್ಲಿ ಇಬ್ಬರು

ಹೆಬ್ಬೂರು
ಭಾನುವಾರ, 16 ನವೆಂಬರ್ 2025

ಅರುಣಾ,

ಡೇಟಾ ಸುಳ್ಳು ಹೇಳಲ್ಲ ಅಂತ ಮತ್ತೆ ಮೆಸೇಜ್ ಹಾಕಿದ್ದೀಯ. ಸರಿ ಕಣೇ, ಹೇಳಲ್ಲ. ರಂಜಿತಾಳ ಸ್ಯಾಂಪಲ್ಲಿನಲ್ಲಿ ಇರುವುದು ನನ್ನ ಎಂಜಲೇ. ಅದು ಅಲ್ಲಿಗೆ ಹೇಗೆ ಹೋಯಿತು ಅಂತ ನಿನ್ನ ಡೇಟಾ ಹೇಳಿತಾ? ಇಲ್ಲ. ಅದನ್ನು ತಾವಾಗಿಯೇ ತೀರ್ಮಾನ ಮಾಡಿದವರು ನಮ್ಮಮ್ಮ ಮತ್ತು ಕದರಯ್ಯ ಮಾವ.

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ಹಾಸ್ಟೆಲ್ ಊಟ ಇನ್ನೂ ಹಾಗೇ ಇದ್ದರೆ ಹೇಳು, ಉಪ್ಪಿನಕಾಯಿ ಕಳಿಸುತ್ತೇನೆ. ಇಷ್ಟು ದಿನ ಉತ್ತರ ಕೊಡದೆ ಸತಾಯಿಸಿದೆ, ಬೇಜಾರಾಗಬೇಡ. ಫೋನ್ ಮಾಡಿದರೆ ನೀನು ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡ ಬಾಯಿ ಹಾಕಲಾರೆಯಲ್ಲ.

ದೀಪಾವಳಿಗೆ ಆ ಹತ್ತಿಕಡ್ಡಿಗಳ ಕಟ್ಟು ತಂದೆಯಲ್ಲ. ಬಯೋಇನ್‌ಫರ್ಮ್ಯಾಟಿಕ್ಸ್ ಪ್ರಾಜೆಕ್ಟು, ಒಂದೇ ಮನೆತನದವರ ಜೀನೋಮ್ ಪಕ್ಕಪಕ್ಕ ಇಟ್ಟು ಯಾವ ತುಂಡು ಯಾರಿಂದ ಯಾರಿಗೆ ಬಂತು ಅಂತ ಹುಡುಕುವ ಅಲ್ಗಾರಿದಮ್ ಬರೆಯಬೇಕು ಅಂದೆ. ಕೆನ್ನೆಯೊಳಗೆ ಕಡ್ಡಿ ಉಜ್ಜಿ ಟ್ಯೂಬಿಗೆ ಹಾಕಿ ಅಂದಾಗ ಅಮ್ಮ, "ಇದ್ಯಾವ ಸೀಮೆ ಓದೇ, ಕಂಡೋರ್ ಬಾಯಿ ಕೆರೆಯೋದು" ಅಂತ ಬೈದಳು. ಎಲ್ಲರ ಕಡ್ಡಿಯ ಕವರನ್ನೂ ನೀನೇ ಕತ್ತರಿಯಲ್ಲಿ ಬಿಡಿಸಿ ಕೊಟ್ಟೆ. ಮಾವನ ಮಗಳು ರಂಜಿತಾಳ ಸರದಿ ಬರುವ ಹೊತ್ತಿಗೆ ಮಾತ್ರ ನೀನು ಅಡುಗೆಮನೆಯಲ್ಲಿ ಕಜ್ಜಾಯ ತಿನ್ನುತ್ತಿದ್ದೆ.

ಅವಳ ಕವರ್ ಬಿಡಿಸಿದವನು ನಾನು. ಶಿರಾ ಗೇಟಿನ ಅಂಗಡಿಯಲ್ಲಿ ದಿನವಿಡೀ ಬೇಳೆ, ಸಕ್ಕರೆ ತುಂಬಲು ಪ್ಲಾಸ್ಟಿಕ್ ಕವರ್ ಬಿಡಿಸುವವನ ಬೆರಳು ತಾನಾಗಿಯೇ ನಾಲಿಗೆಗೆ ಹೋಗುತ್ತದೆ. ಎಂಜಲು ಹಚ್ಚಿ ಕವರ್ ಬಿಡಿಸಿದೆ, ಹತ್ತಿ ಇರುವ ತುದಿಯನ್ನೇ ಹಿಡಿದು ಕಡ್ಡಿ ಎಳೆದೆ, ಅವಳ ಕೈಗೆ ಕೊಟ್ಟೆ. ಆಗಿದ್ದು ಇಷ್ಟೇ.

ನೀನು ಮಾಡಿದ್ದೇನು? ಮೊದಲು ನನ್ನನ್ನು ಒಂದು ಮಾತು ಕೇಳಿದೆಯಾ? ಅಮ್ಮನಿಗೆ ಫೋನ್ ಮಾಡಿ ನಗುನಗುತ್ತಾ, "ಅಮ್ಮಾ, ರಂಜಿತಾ ಸ್ಯಾಂಪಲ್ಲಲ್ಲಿ ಇಬ್ರು ಇದಾರೆ ಕಣಮ್ಮ, ಇನ್ನೊಬ್ಬ ನಮ್ಮ ರಂಗ" ಅಂದೆ. ಅಮ್ಮ ಯಾವಾಗಲೂ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ನಿನಗೆ ಗೊತ್ತಿಲ್ಲವಾ? ಕುಣಿಗಲ್‌ನಿಂದ ಬಂದು ಎದುರಿಗೇ ಕಾಫಿ ಕುಡಿಯುತ್ತಿದ್ದ ಮಾವ ಲೋಟ ಕೆಳಗಿಟ್ಟರು.

"ಏನ್ಲಾ ಇದು ರಂಗ?"

ಕವರಿನ ವಿಷಯ ಹೇಳಿದೆ. ಬೆರಳು ನೆಕ್ಕಿಯೂ ತೋರಿಸಿದೆ.

"ಯೂನಿವರ್ಸಿಟಿ ಕಂಪ್ಯೂಟ್ರು ಒಂದು ಹೇಳ್ತೈತೆ. ಎಸ್ಸೆಸ್ಸೆಲ್ಸಿ ಓದ್ಕೊಂಡು ನೀನೊಂದು ಹೇಳ್ತೀಯ. ಯಾರ್ದು ನಂಬ್ಲಿ?"

ಅಮ್ಮನಿಗೆ ಒಳಗೊಳಗೇ ಸಂತೋಷ. "ಬುಡಣ್ಣ, ವಯಸ್ಸಿನ ಹುಡುಗ್ರು. ನಿನ್ ಮಗಳು ನಂಗೇನು ಹೊರಗಿನೋಳಾ? ಹೂ ಮುಡಿಸ್ಬುಡಾನ" ಅಂದಳು.

ಮುಂದಿನ ಭಾನುವಾರವೇ ಶಾಸ್ತ್ರ ಅಂತೆ. ನಿನ್ನ ಫೋನ್ ಬಂದ ದಿನದಿಂದ ರಂಜಿತಾಳನ್ನು ಕುಣಿಗಲ್ ಕಾಲೇಜಿಗೆ ಕಳಿಸುತ್ತಿಲ್ಲ. ಇನ್ನೊಂದು ವರ್ಷ ಕಳೆದಿದ್ದರೆ ಡಿಗ್ರಿ ಮುಗಿಯುತ್ತಿತ್ತು. "ಕಟ್ಕೊಳೋನೇ ಹತ್ತನೇ ಕ್ಲಾಸು, ಇವಳು ಓದಿ ಯಾರಿಗೆ ಪಾಠ ಮಾಡ್ಬೇಕು" ಅಂದರಂತೆ ಮಾವ. ನೀನು ನೋಡಿದರೆ ನನಗೆ ಲಡ್ಡುವಿನ ಚಿತ್ರ ಕಳಿಸಿ ಕಂಗ್ರಾಟ್ಸ್ ಅಂತೀಯ.

ಕೆಟ್ಟ ಸ್ಯಾಂಪಲ್ ಗುರುತಿಸಿ ಎಸೆಯುವುದನ್ನೇ ಮೊದಲು ಕಲಿಸುತ್ತಾರೆ ಅಂತ ನೀನೇ ಹೇಳಿದ್ದೆ. ಬೇರೆಯವರ ಮನೆಯದ್ದಾಗಿದ್ದರೆ ಎಸೆದು ಸುಮ್ಮನಾಗುತ್ತಿದ್ದೆ. ನಮ್ಮದು ಅಂದಕೂಡಲೇ ತಮಾಷೆಯಾಯಿತು. ಈಗ ಆ ತಮಾಷೆಯನ್ನು ನೀನೇ ಬಿಡಿಸು. ಇವತ್ತೇ ಬಸ್ಸು ಹತ್ತಿ ಕುಣಿಗಲ್‌ಗೆ ಬಾ. ಎಂಜಲು ಬೆರಳಿನಿಂದ ಹತ್ತಿಗೂ ಹೋಗಬಹುದು ಅಂತ ಮಾವನ ಮುಂದೆ ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದರೆ ಕತೆ, ನೀನು ಹೇಳಿದರೆ ಸೈನ್ಸು.

ಕೋಪಕ್ಕೆ ಏನೇನೋ ಬರೆದೆ. ನಿನ್ನ ಓದು ನಿನ್ನ ಕೈ ಹಿಡಿಯಲಿ, ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕ್ಸೇ ಬರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಣ್ಣ,
ರಂಗನಾಥ

ಮರೆತಿದ್ದೆ: ರಂಜಿತಾ ನನಗೆ ಬೇಡವಾಗಿದ್ದಾಳೆ ಅಂದುಕೊಳ್ಳಬೇಡ. ಅವಳನ್ನು ಬಿಟ್ಟು ಬೇರೆ ಯಾರನ್ನೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳು ನನ್ನವಳು. ಆದರೆ ಮೊನ್ನೆ ಅಮ್ಮ ನನ್ನನ್ನೂ ಕುಣಿಗಲ್‌ಗೆ ಕರೆದುಕೊಂಡು ಹೋಗಿದ್ದಳು. ಮಾವ ಎಲ್ಲರೆದುರಿಗೆ ಕಂಪ್ಯೂಟರ್ ಹೇಳಿದ್ದನ್ನು ರಂಜಿತಾಳಿಗೆ ಹೇಳಿದರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಉಗಿದು, ಮತ್ತೆ ನೀರು ತುಂಬಿಕೊಂಡು ಮುಕ್ಕಳಿಸಿದಳು. ಹಬ್ಬದ ದಿನದ ಎಂಜಲು ಕಣೇ ಅದು. ಆ ಸದ್ದು ಕೇಳಿಸಿಕೊಳ್ಳುತ್ತಾ ನಾನು ಪಡಸಾಲೆಯಲ್ಲಿ ಕೂತಿದ್ದೆ.

ತುಮಕೂರಿಗೆ ಹೊರಟ ನಮ್ಮೂರಿನ ಶಿವರಾಮಯ್ಯನವರು ಈ ಕಾಗದವನ್ನು ನಿನ್ನ ಹಾಸ್ಟೆಲಿಗೆ ಮುಟ್ಟಿಸಲು ಬಾಗಿಲ ಹೊರಗೆ ಗಾಡಿ ನಿಲ್ಲಿಸಿಕೊಂಡಿದ್ದಾರೆ. "ಎಲ್ಲಿಗ್ಲಾ ಹೊಂಟೆ?" ಅಂತ ಅಮ್ಮ ಒಳಗಿನಿಂದ ಕೇಳಿದಳು. "ಮಾವನ ಮನೆಗೆ. ಬೇಡ ಅಂತ ಹೇಳಕ್ಕೆ" ಅಂದೆ. ಒಲೆ ಮುಂದಿನಿಂದ ಎದ್ದು ಬರುತ್ತಿದ್ದಾಳೆ. ಅವಳು ಬಂದು ಅಡ್ಡ ನಿಲ್ಲುವ ಮೊದಲು ಬಾಗಿಲು ಎಳೆದುಕೊಂಡು, ಇದನ್ನು ಶಿವರಾಮಯ್ಯನವರ ಕೈಗಿಟ್ಟು ಕುಣಿಗಲ್ ಬಸ್ಸಿಗೆ ಹೊರಡುತ್ತೇನೆ.