ಬಾಗಿಲಿಲ್ಲದ ಬೀರು

ಬಡಗಿ ಅಣ್ಣನವರಿಗೆ ನಮಸ್ಕಾರ.

ನೀವು ನಮ್ಮ ಮಲಗುವ ಕೋಣೆಗೆ ಬಾಗಿಲಿಲ್ಲದ ಬೀರು ಮಾಡಿ ತಂದಾಗ ನಾನು ಮುಖ ಸಿಂಡರಿಸಿದ್ದೆ. ಅದಕ್ಕೆ ಕ್ಷಮಿಸಿ.

ಮರೆವಿನ ಕಾಯಿಲೆ ಬಂದಮೇಲೆ, ಮುಚ್ಚಿದ ಬಾಗಿಲ ಹಿಂದೆ ಬಟ್ಟೆಯಿದೆ ಎಂಬುದೇ ನಮ್ಮ ಯಜಮಾನರಿಗೆ ಹೊಳೆಯುತ್ತಿರಲಿಲ್ಲ. ನಾನು ಅಂಗಿ ತೊಡಿಸುವಾಗ ಅವರು ನಾಚಿಕೆಯಿಂದ ಗೋಡೆ ನೋಡುತ್ತ ನಿಲ್ಲುತ್ತಿದ್ದರು.

ನಿನ್ನೆ ಬೆಳಿಗ್ಗೆ ಅವರೇ ನೀಲಿ ಅಂಗಿ ಆರಿಸಿ, ತೊಟ್ಟುಕೊಂಡು ಅಡುಗೆಮನೆಗೆ ಬಂದರು. ಗುಂಡಿಗಳೆಲ್ಲ ಮೇಲೆ ಕೆಳಗಾಗಿದ್ದವು. ಸರಿಮಾಡಲು ಕೈ ಚಾಚಿದೆ.

“ಬಿಡೇ, ನಾನೇನು ಮಗುನಾ?” ಎಂದು ರೇಗಿದರು.

ಎಷ್ಟು ದಿನದ ಮೇಲೆ ಅವರಿಂದ ಬೈಸಿಕೊಂಡೆ ಅಣ್ಣಾ! ನಗು ತಡೆಯಲಾರದೆ ಒಲೆಯ ಕಡೆ ತಿರುಗಿ ನಿಂತೆ.

ಬಿಡುವಾದಾಗ ಬಂದು ಮಂಚದ ಪಕ್ಕ ಒಂದು ತೆರೆದ ಹಲಗೆ ಕೂಡಿಸಿಕೊಡಿ. ಕನ್ನಡಕವನ್ನೂ ಅವರೇ ತೆಗೆದುಕೊಳ್ಳಲಿ.

ಇತಿ,
ಮೂಲೆಮನೆಯ ತಂಗಿ